ಒಂದು ಉಸಿರು ಮೊದಲು ಬರುತ್ತಿದ್ದ ಸಾಲು

ಶಹಾಬಾದಿನ ನಮ್ಮ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಹಳೆಯ ಕಪಾಟೊಂದಿತ್ತು. ಹೋದ ತಿಂಗಳು ಅದನ್ನು ಖಾಲಿ ಮಾಡುವಾಗ, ಸುತಳಿಯಿಂದ ಬಿಗಿದ ಕೀರ್ತನೆ ಪುಸ್ತಕಗಳ ಕಟ್ಟೊಂದು ಸಿಕ್ಕಿತು. ಬಿಚ್ಚಿ ನೋಡಿದರೆ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಚಿನಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ಆ ಪುಸ್ತಕಗಳನ್ನು ತರಿಸಿದವಳು ನಾನೇ. ಮುಗ್ಗಲು ಹಿಡಿದ ಕಾಗದದ ವಾಸನೆ ಮೂಗಿಗೆ ಬಡಿಯುತ್ತಲೇ ಆಯಿ ನೆನಪಾದಳು...

ಆಯಿ ನನಗೆ ಬಂಧುವಲ್ಲ. ನಮ್ಮ ಓಣಿಯವಳು, ಭಂಕೂರ ಕಡೆಯ ಕಲ್ಲುಗಣಿಯಲ್ಲಿ ಫರಸಿ ಚಪ್ಪಡಿ ಹೊರುತ್ತಿದ್ದವಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಭಾನುವಾರದ ಆರಾಧನೆಯಲ್ಲಿ ಸಾಲು ಕೊಡುವವಳು ಅವಳೇ. ಸಭೆಯ ಬಹುಪಾಲು ಜನರಿಗೆ ಅಕ್ಷರ ಬಾರದ ಆ ಕಾಲದಲ್ಲಿ, ಹಾಡಿನ ಪ್ರತಿ ಸಾಲನ್ನೂ ಒಬ್ಬರು ಮಾತಿನಂತೆ ಹೇಳಿಕೊಡುತ್ತಿದ್ದರು, ಉಳಿದವರು ಅದನ್ನು ರಾಗಕ್ಕೆ ಎತ್ತಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಕೊನೆಯ ಸ್ವರ ಇನ್ನೂ ಎಳೆಯುತ್ತಿರುವಾಗಲೇ, ಬೇಕಾಗುವುದಕ್ಕಿಂತ ಒಂದು ಉಸಿರು ಮೊದಲು, ಆಯಿಯ ಒರಟು ದನಿ ಮುಂದಿನ ಸಾಲನ್ನು ಎದುರಿಗೆ ಇಟ್ಟುಬಿಡುತ್ತಿತ್ತು. ಗಣಿಯಲ್ಲಿ ನಾಲ್ವರು ಹೆಂಗಸರು ಸೇರಿ ಚಪ್ಪಡಿ ಎತ್ತುವಾಗಲೂ ಕೂಗು ಹಾಕುವವಳು ಅವಳೇ ಅಂತೆ. ಅಲ್ಲಿ ಕೂಗು ತಡವಾದರೆ ಯಾರದಾದರೂ ಬೆರಳು ಕಲ್ಲಿನಡಿ ಸಿಗುತ್ತಿತ್ತು.

ಒಂದು ಭಾನುವಾರ ಮರೆಯಲಾಗದು. ಗಣಿಯಲ್ಲಿ ಕಲ್ಲು ಕುಸಿದು ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಎಂಟನೇ ದಿನಕ್ಕೆ ಚರ್ಚಿಗೆ ಬಂದಿದ್ದಳು. ಗುತ್ತಿಗೆದಾರ ಮಣ್ಣಿಗೂ ಬಂದಿರಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ. ದೇವರೇ ಕೈಬಿಡಬೇಡ ಎಂಬ ಅರ್ಥದ ಸಾಲು ಬಂದಾಗ ಅವಳ ಹಾಡು ನಿಂತಿತು. ಆಯಿ ಮುಂದಕ್ಕೆ ಹೋಗಲಿಲ್ಲ. ಅದೇ ಸಾಲನ್ನು ಮತ್ತೆ ಕೊಟ್ಟಳು, ಮತ್ತೂ ಕೊಟ್ಟಳು. ಸಭೆ ಅದನ್ನೇ ಹಾಡಿತು. ನಾಲ್ಕನೆಯ ಸಲ ಆ ಹೆಂಗಸಿನ ದನಿ ಸೇರಿಕೊಂಡ ಮೇಲೆಯೇ ಹಾಡು ಮುಂದೆ ಸಾಗಿತು. ಮುಂದಿನ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ನಾನೂ ಅದನ್ನು ಅಶಿಸ್ತು ಎಂದೇ ಭಾವಿಸಿದ್ದೆ.

ಮೈಸೂರು ರಾಜ್ಯ ಕರ್ನಾಟಕವಾದ ಹೊಸದು. ನಾನು ಶಿಕ್ಷಕಿಯರ ತರಬೇತಿ ಮುಗಿಸಿ ಬಂದು ಊರಿನ ಶಾಲೆ ಸೇರಿದ್ದೆ. ಸಭೆಯ ಅನ್ಯಾಯಗಳನ್ನೆಲ್ಲ ಬರೆದು ಚರ್ಚಿನ ಕಮಿಟಿಯ ಮುಂದಿಟ್ಟೆ. ಕಾರ್ಖಾನೆಯ ಸಾಹೇಬರಿಗೆ ಕುರ್ಚಿ, ಗಣಿಯ ಹೆಂಗಸರಿಗೆ ಬರೀ ನೆಲ. ಕಮಿಟಿಯಲ್ಲಿ ಒಬ್ಬ ಹೆಂಗಸಿಗೂ ಸ್ಥಾನವಿಲ್ಲ. ಯೇಸುವಿನ ಮನೆಯೊಳಗೂ ಜಾತಿ ಕೇಳಿ ಹೆಣ್ಣು ಕೊಡುತ್ತಾರೆ. ಇವು ತಪ್ಪೆಂದು ಅಂದು ಹೇಳಿದೆ, ಇಂದಿಗೂ ಹೇಳುತ್ತೇನೆ. ಅದೇ ಪಟ್ಟಿಯ ಕೊನೆಗೆ ಸಾಲು ಕೊಡುವ ಪದ್ಧತಿಯನ್ನೂ ಸೇರಿಸಿದ್ದೆ: ಅದು ಜನರನ್ನು ನಿರಕ್ಷರಿಗಳಾಗಿಯೇ ಉಳಿಸುವ ದಾಸ್ಯ, ಎಲ್ಲರ ಕೈಗೂ ಪುಸ್ತಕ ಕೊಡಿ, ನಾನು ಓದು ಕಲಿಸುತ್ತೇನೆ.

ಕಮಿಟಿ ಉಳಿದ ಎಲ್ಲವನ್ನೂ ತಳ್ಳಿಹಾಕಿ, ಆ ಕೊನೆಯ ಒಂದನ್ನು ಮಾತ್ರ ಒಪ್ಪಿಕೊಂಡಿತು. ಸಾಲು ಕೊಡುವುದು ನಿಂತರೆ ಆರಾಧನೆ ಬೇಗ ಮುಗಿಯುತ್ತದೆಂಬುದು ಅವರ ಲೆಕ್ಕ. ನಾನು ಗೆದ್ದೆನೆಂದುಕೊಂಡೆ.

ಹೊರಗೆ ಆಯಿ ಉಳಿದ ಹೆಂಗಸರೊಂದಿಗೆ ಕಮಿಟಿಯವರು ಕುಡಿದ ಚಹಾದ ಕಪ್ಪು ತೊಳೆಯುತ್ತಿದ್ದಳು.

"ಏನವ್ವಾ ಟೀಚರವ್ವಾ, ನನ್ನ ಬಾಯಿ ಬಂದ್ ಮಾಡಿಸಿದಿಯಂತಲ್ಲ?"

"ಬಾಯಿ ಬಂದ್ ಅಲ್ಲ ಆಯಿ, ಕಣ್ಣು ತೆರಸ್ಲಿಕತ್ತೀನಿ. ಸಾಲು ಕೊಡೋರು ಇರೂತನಕಾ ಯಾರೂ ಓದ್ಲಿಕ್ಕೆ ಕಲಿಯಂಗಿಲ್ಲ."

"ಹಂಗಾರ ನಿಮ್ಮವ್ವ ನಿನಗ ಅಡಗಿ ಕಲಸ್ಲಿಕ್ಕೆ ಉಪಾಸ ಕೆಡವಿದ್ಲೇನು?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಯಿ ನಗಲಿಲ್ಲ. "ಕಲಸ್ತೀ ಅಂದ್ರ ಕಲಸು ತಂಗಿ, ಭಾಳ ಛಲೋ ಕೆಲಸ. ಆದ್ರ ಕಲಿಯೂತನಕಾ ಇವರಿಗೆ ಹಾಡ್ಲಿಕ್ಕರ ಬಿಡು."

ನಾನು ಬಿಡಲಿಲ್ಲ.

ಪಾಠ ಶುರುವಾಯಿತು. ಇಡೀ ದಿನ ಕಲ್ಲು ಹೊತ್ತ ಕೈಗಳಲ್ಲಿ ಬಳಪ ಮುರಿಯುತ್ತಿತ್ತು. ಆಯಿಯೂ ಬಂದು ಕುಳಿತು, 'ಅ' ಬರೆದು, "ಇದು ಕುಂತಾದ, ನಾನೂ ಕುಂತೀನಿ, ಇಬ್ಬರೂ ದಣದೀವಿ" ಎಂದು ನಗಿಸಿದ್ದಳು. ಎರಡು ತಿಂಗಳೂ ತುಂಬಿರಲಿಲ್ಲ, ನನಗೆ ಸೇಡಂಗೆ ವರ್ಗವಾಯಿತು. ಪಾಠ ಮುಂದುವರಿಸುವವರು ಯಾರೂ ಇರಲಿಲ್ಲ. ನಾನೂ ಹುಡುಕಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಬಂದಾಗ ಆರಾಧನೆ ನಿಜವಾಗಿಯೂ ಬೇಗ ಮುಗಿಯಿತು. ಹಾಡಿನ ಸಂಖ್ಯೆ ಕೂಗಿದರು. ಕುರ್ಚಿಗಳು ಹಾಡಿದವು, ನೆಲ ಸುಮ್ಮನಿತ್ತು. ಆಯಿ ತುಟಿ ಮುಚ್ಚಿ ಗೋಡೆಗೆ ಒರಗಿದ್ದಳು. ಯಾಕೆಂದು ಕೇಳಿದರೆ, "ಪುಸ್ತಕ ಹಾಡ್ಲಿಕತ್ತದ, ನಾವು ಕೇಳ್ಲಿಕತ್ತೀವಿ" ಎಂದಳು. ಸಿಟ್ಟಿರಲಿಲ್ಲ, ಅದೇ ನನಗೆ ಭಾರವಾಯಿತು. ಅಂದೇ ಎದ್ದುನಿಂತು ನನ್ನ ತಪ್ಪೆಂದು ಹೇಳಬಹುದಿತ್ತು. ಊರಿನ ತಪ್ಪುಗಳನ್ನೆಲ್ಲ ಹೆಸರಿಟ್ಟು ಕರೆದವಳಿಗೆ ತನ್ನದೊಂದನ್ನು ಕರೆಯಲು ನಾಲಿಗೆ ಏಳಲಿಲ್ಲ...

ಆಯಿ ಸತ್ತ ಸುದ್ದಿ ಸೇಡಂಗೆ ಬಂತು. ನಾನು ಮುಟ್ಟುವ ಹೊತ್ತಿಗೆ ಮಣ್ಣಿಗೆ ಒಯ್ದಿದ್ದರು. ತೋಡಿದ ಕುಣಿಯ ಸುತ್ತ ಗಣಿಯ ಹೆಂಗಸರು ನಿಂತಿದ್ದರು. ಹಾಡು ಏಳಬೇಕಾದ ಕಡೆ ಸಾಲು ಕೊಡುವವರಿರಲಿಲ್ಲ. ಎಂಟನೇ ದಿನಕ್ಕೆ ಚರ್ಚಿಗೆ ಬಂದಿದ್ದ ಆ ವಿಧವೆ ನನ್ನತ್ತ ತಿರುಗಿ, "ನಿಮಗ ಓದ್ಲಿಕ್ಕೆ ಬರ್ತದಲ್ರೀ ಟೀಚರ್, ನೀವರ ಸಾಲು ಕೊಡ್ರಿ" ಎಂದಳು.

ಪುಸ್ತಕ ತೆರೆದು ಕೊಟ್ಟೆ. ಮೊದಲ ಸಾಲು ಹೇಗೋ ಎದ್ದಿತು. ಎರಡನೆಯದನ್ನು ಅವರು ಮುಗಿಸಿದ ಮೇಲೆ ಹೇಳಿದೆ. ಅಷ್ಟರಲ್ಲಿ ಅವರ ಉಸಿರು ಖಾಲಿಯಾಗಿತ್ತು. ಮೂರನೆಯದನ್ನು ಅವಸರದಿಂದ ಹೇಳಿ ಅವರ ರಾಗದ ಮೇಲೆಯೇ ಬಿದ್ದೆ. ಹಾಡು ಅಲ್ಲಿಗೆ ಕಡಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಬಗ್ಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ಇಪ್ಪತ್ತು ವರ್ಷ ಅವಳ ಹಿಂದೆ ಹಾಡಿದ್ದ ನಾನು, ಅವಳು ಮಾಡುತ್ತಿದ್ದುದು ಏನೆಂದು ಒಮ್ಮೆಯೂ ಕಲಿತಿರಲಿಲ್ಲ.

ಈಗ ಕಮಿಟಿಯ ಕಾರ್ಯದರ್ಶಿ ಒಬ್ಬ ಹೆಣ್ಣುಮಗಳು, ಎಲ್ಲರಿಗೂ ಕುರ್ಚಿಗಳಿವೆ. ಇವು ಬರಲು ಬಹಳ ಜನ ದಣಿದಿದ್ದಾರೆ, ನಾನೂ ದಣಿದಿದ್ದೇನೆ. ಹೋದ ತಿಂಗಳು ಕಪಾಟಿನ ಮುಂದೆ ನಿಂತು ಆ ಕಾರ್ಯದರ್ಶಿ, "ಟೀಚರ್, ಇವು ರದ್ದಿಗೆ ಹಾಕ್ಲೇನ್ರಿ?" ಎಂದು ಕೇಳಿದಳು. ಹಾಕವ್ವಾ ಎಂದೆ.

ಕಪಾಟಿದ್ದ ಕೋಣೆಯಲ್ಲಿ ಈಗ ಕೀಬೋರ್ಡು, ಸ್ಪೀಕರುಗಳಿವೆ. ಹಾಡಿನ ಅಕ್ಷರಗಳು ಚರ್ಚಿನೊಳಗೆ ಗೋಡೆಯ ಪರದೆಯ ಮೇಲೆ ಬೀಳುತ್ತವೆ. ಯುವಕರು ಚೆನ್ನಾಗಿಯೇ ಹಾಡುತ್ತಾರೆ. ನನ್ನ ಕಣ್ಣಿಗೆ ಪೊರೆ ಬಂದು ಪರದೆ ಬರೀ ಬೆಳಕಾಗಿ ಕಾಣುತ್ತದೆ. ಕಳೆದ ಭಾನುವಾರವೂ ಗೋಡೆಯ ಪಕ್ಕ ಕುಳಿತು, ಒಂದು ಸಾಲಿನ ಕೊನೆಯವರೆಗೆ ಹೇಗೋ ಬಂದು, ಮುಂದಿನದಕ್ಕಾಗಿ ಬಾಯಿ ತೆರೆದುಕೊಂಡು ಕಾದೆ... ಯಾರೂ ಕೊಡಲಿಲ್ಲ.