ಹಲಸಿನ ಘಟಸರ್ಪಕ್ಕೆ ದನಿ ಕೊಟ್ಟ ಭಗವಂತರಾಯ

ಬೆಳಗಿನ ಐದೂಕಾಲು. ಇಂದಿರಾನಗರದ ಹಳೆಯ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ಭಗವಂತರಾಯ ನಲ್ಲಿ ತಿರುಗಿಸುವ ಮೊದಲು ಕತ್ತಿಗೆ ಕಟ್ಟಿಕೊಂಡ ಬಿಳಿ ಬಟ್ಟೆಯನ್ನು ಮತ್ತೊಮ್ಮೆ ಬಿಗಿ ಮಾಡಿಕೊಳ್ಳುತ್ತಾರೆ. ಬಟ್ಟೆಯ ಹಿಂದೆ, ಕತ್ತಿನ ಬುಡದಲ್ಲಿ, ಹಳೆಯ ನಾಲ್ಕಾಣೆಯಷ್ಟು ಅಗಲದ ತೂತಿದೆ. ಅವರು ಉಸಿರಾಡುವುದು ಅದರಿಂದಲೇ. ಒಂದು ಹನಿ ನೀರು ಒಳಗೆ ಹೋದರೂ ಅರ್ಧ ಗಂಟೆ ಕೆಮ್ಮು ಬಿಡುವುದಿಲ್ಲ. ಆದರೂ ಮಾಡುತ್ತಿರುವುದು ನೀರಿನ ಕೆಲಸ. ಇದೇ ಸಿಕ್ಕಿದ್ದು.

ದಿನಕ್ಕೆ ಹತ್ತೊಂಬತ್ತು ಕಾರು. ಎಂಟೂವರೆಯೊಳಗೆ ಎಲ್ಲವೂ ಒಣಗಿ ನಿಂತಿರಬೇಕು. ಚಾವಣಿ ತೊಳೆಯುವಾಗ ತಲೆ ಹಿಂದಕ್ಕೆ ವಾಲಿಸುವಂತಿಲ್ಲ, ಚಕ್ರ ಉಜ್ಜುವಾಗ ಮುಖ ಹತ್ತಿರ ತರುವಂತಿಲ್ಲ. ಪೈಪು ಬಿಟ್ಟು ಬಕೀಟು, ಒದ್ದೆ ಬಟ್ಟೆಗಳಲ್ಲೇ ಕೆಲಸ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಕಳೆದ ಯುಗಾದಿಯ ಬೆಳಿಗ್ಗೆ ಯಾರೋ ಅವಸರದಲ್ಲಿ ಕಾರನ್ನು ಹಿಂದಕ್ಕೆ ತೆಗೆದಾಗ ಚಕ್ರ ಇವರ ಎಡಗಾಲಿನ ಮೇಲೆ ಹತ್ತಿತು. ಕೂಗಿಕೊಳ್ಳಲು ದನಿ ಇರಲಿಲ್ಲ. ಡಿಕ್ಕಿಯನ್ನು ಎರಡೂ ಕೈಯಲ್ಲಿ ಬಡಿದರು. ಒಳಗೆ ಹಾಡು ಹಾಕಿಕೊಂಡಿದ್ದವರಿಗೆ ಅದು ಕೇಳಿಸಿದ್ದು ತಡವಾಗಿ. ಕಿರುಬೆರಳು ಮುರಿದು ಈಗಲೂ ಓರೆಯಾಗೇ ಇದೆ.

ಎಂಟು ಗಂಟೆಗೆ ಲಿಫ್ಟಿನಿಂದ ಮೂರನೇ ಮಹಡಿಯ ಹಂಸ ಇಳಿದು ಬರುತ್ತಾಳೆ. ಎಂಟು ವರ್ಷದ ಹುಡುಗಿ, ಬೆನ್ನಿಗೆ ಸ್ಕೂಲ್ ಬ್ಯಾಗು, ಕೈಯಲ್ಲಿ ಅಮ್ಮನ ಫೋನು. ಸ್ಕೂಲ್ ವ್ಯಾನು ಬರುವವರೆಗೆ ಐದು ನಿಮಿಷ ಆಟ. ಫೋನಿನೊಳಗಿನಿಂದ ಒಂದು ಕೂಗು ಹೊರಡುತ್ತದೆ. ಬಾವಿಯ ತಳದಿಂದ ಮೇಲೆದ್ದು, ನಡುವೆ ಒಡೆದು, ಕೊನೆಗೆ ಮರಿಯಂತೆ ಕುಂಯ್‌ಗುಟ್ಟಿ ನಿಲ್ಲುವ ಕೂಗು. ಹಂಸ ಅದನ್ನೇ ಅನುಕರಿಸುತ್ತಾಳೆ. "ಅಂಕಲ್, ನನ್ ಹಲಸುರಗಂಗೆ ಹಸಿವಾಗಿದೆ!" ಭಗವಂತರಾಯ ತಲೆಯಾಡಿಸಿ ನಗುತ್ತಾರೆ. ಆ ಕೂಗು ಯಾರದೆಂದು ಹುಡುಗಿಗೆ ಗೊತ್ತಿಲ್ಲ. ಅವರೂ ಹೇಳಿಲ್ಲ.

'ಕಾಡುಮರಿ' ಎನ್ನುವ ಈ ಮೊಬೈಲ್ ಆಟದಲ್ಲಿ ಅರವತ್ತೊಂದು ವಿಚಿತ್ರ ಪ್ರಾಣಿಗಳಿವೆ. ಆಡುವವರು ಅವನ್ನು ಹುಡುಕಿ ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾಳಗಕ್ಕೆ ಬಿಡಬೇಕು. ಅವುಗಳಲ್ಲಿ ಮಕ್ಕಳಿಗೆ ಅಚ್ಚುಮೆಚ್ಚು ಹಲಸುರಗ ಎಂಬ ಘಟಸರ್ಪ. ಹಲಸಿನ ಹಣ್ಣಿನಂತೆ ಮೈತುಂಬ ಮುಳ್ಳು, ಬೆನ್ನಿಗೆ ಎಲೆಯ ರೆಕ್ಕೆ, ಬಾಯಿ ತೆರೆದರೆ ಒಳಗೆ ಸಾಲಾಗಿ ಹಳದಿ ತೊಳೆ. ಸಿಟ್ಟು ಬಂದರೆ ಬೆಂಕಿಯ ಬದಲು ಅಂಟು ಉಗುಳುತ್ತದೆ. ಎದುರಾಳಿ ಇದ್ದಲ್ಲೇ ಅಂಟಿಕೊಳ್ಳುತ್ತದೆ. ಸೋತಾಗ ಮಾತ್ರ ಮುದುಡಿ, ಒಂದು ಪುಟ್ಟ ಹಲಸಿನಕಾಯಿಯಾಗಿ ಉರುಳಿಹೋಗುತ್ತದೆ. ಆಗ ಹೊರಡುವ ದನಿ ಕೇಳಿ ಅತ್ತ ಮಕ್ಕಳಿದ್ದಾರೆ.

ಆ ದನಿ ಬೆಳೆದದ್ದು ಸುರಪುರದ ಕಡೆಯ ಒಂದು ಹಳ್ಳಿಯ ಜೋಳದ ಹೊಲದಲ್ಲಿ. ಭಗವಂತರಾಯ ಚಿಕ್ಕಂದಿನಿಂದ ಬೇರೆಯವರ ಹೊಲ ಕಾದವರು. ಏಳನೇ ತರಗತಿಗೆ ಶಾಲೆ ಮುಗಿಯಿತು. ಈಗ ಅವರು ಮಾತಾಡುವುದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಿಂದ. ಆಡುವ ಮಾತನ್ನೇ ಬರೆಯುತ್ತಾರೆ. "ಹಂದಿಗಿ ಒಂದು ಕೂಗು, ಗಿಣಿಗಿ ಒಂದು ಕೂಗು, ನರಿಗಿ ಒಂದು ಕೂಗು. ಗಂಟಲಾಗಿಂದ ಕೂಗಿದ್ರ ಹಂದಿ ಅಂಜಲ್ಲ ರೀ. ಹೊಟ್ಟ್ಯಾಗಿಂದ ಬರಬೇಕು." ಆಸ್ಪತ್ರೆಯವರು ಕೊಟ್ಟ, ಗಂಟಲಿಗೆ ಒತ್ತಿ ಹಿಡಿದರೆ ಗುಂಯ್‌ಗುಡುತ್ತ ಮಾತು ಹೊರಡಿಸುವ ಯಂತ್ರವೊಂದು ಅವರ ಬಳಿ ಇದೆ. ಅದನ್ನು ತೆಗೆಯುವುದೇ ಅಪರೂಪ. "ಬಸ್ಸಿನ್ಯಾಗ ತಗದ್ರ ಎಲ್ಲಾರೂ ತಿರುಗಿ ನೋಡ್ತಾರ" ಎಂದು ಬರೆದು ತೋರಿಸುತ್ತಾರೆ.

ಹದಿನಾರು ವರ್ಷದ ಹಿಂದೆ ಹೆಂಡತಿ ಪೀರಮ್ಮ, ಮಗಳು ರಾಜೇಶ್ವರಿಯ ಜೊತೆ ಬೆಂಗಳೂರಿಗೆ ಬಂದು ಹೊಸ ತಿಪ್ಪಸಂದ್ರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಕಟ್ಟಡ ಕೆಲಸ, ಗೋಡೌನು, ಆಮೇಲೆ ಸೆಕ್ಯೂರಿಟಿ. ಏಳು ವರ್ಷದ ಹಿಂದೆ ಇಂದಿರಾನಗರದ ಒಂದು ಕಟ್ಟಡದ ಗೇಟಿನಲ್ಲಿ ಕಾವಲಿದ್ದಾಗ, ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಡುಮರಿ ತಯಾರಾಗುತ್ತಿತ್ತು. ಒಂದು ಮಧ್ಯಾಹ್ನ ಕೋತಿಗಳ ಹಿಂಡು ಅಲ್ಲಿನ ಅಡುಗೆಮನೆಗೆ ನುಗ್ಗಿತು. ಹುಡುಗರೆಲ್ಲ ಮೇಜಿನ ಮೇಲೆ ಹತ್ತಿ ನಿಂತರು. ಭಗವಂತರಾಯ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು, ಹೊಟ್ಟೆಯಿಂದ ಒಂದು ಸಲ ಕೂಗಿದರು. ಕೋತಿಗಳು ಬಾಳೆಹಣ್ಣು ಬಿಟ್ಟು ಕಿಟಕಿಯಿಂದ ಹಾರಿದವು. ಆಟಕ್ಕೆ ಸದ್ದುಗಳನ್ನು ಮಾಡುತ್ತಿದ್ದ ಭವ್ಯ ಎನ್ನುವ ಯುವತಿ ಮಾತ್ರ ನಿಂತಲ್ಲೇ ನಿಂತಿದ್ದರು.

"ಮೂರು ತಿಂಗಳಿಂದ ಆ ಘಟಸರ್ಪಕ್ಕೆ ವಾಯ್ಸ್ ಹುಡುಕ್ತಿದ್ದೆ. ಹುಲಿ, ಆನೆ, ಮೊಸಳೆ ಎಲ್ಲಾ ಮಿಕ್ಸ್ ಮಾಡಿದ್ದೆ. ಯಾವ್ದೂ ಕೂತಿರ್ಲಿಲ್ಲ. ಅಂಕಲ್ ಕೂಗಿದ್ದೇ ತಡ, 'ಅಂಕಲ್ ಪ್ಲೀಸ್, ಇನ್ನೊಂದ್ಸಲ' ಅಂದ್ಬಿಟ್ಟೆ" ಎನ್ನುತ್ತಾರೆ ಭವ್ಯ. ಮಾರನೇ ದಿನ ಡ್ಯೂಟಿ ಮುಗಿದ ಮೇಲೆ ಇವರನ್ನು ಕಂಬಳಿ ಹೊದಿಸಿದ ಗೋಡೆಗಳ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಹಸಿದ ಹಲಸುರಗ, ನಿದ್ದೆಗಣ್ಣಿನ ಹಲಸುರಗ, ಗೆದ್ದದ್ದು, ಸೋತದ್ದು. ಒಟ್ಟು ನಲವತ್ತಮೂರು ಕೂಗು. ಆಟ ಬಿಡುಗಡೆಯಾದಾಗ ಕೊನೆಯ ಪಟ್ಟಿಯಲ್ಲಿ 'ಹೆಚ್ಚುವರಿ ಧ್ವನಿ' ಎಂಬ ಒಂದು ಸಾಲಿತ್ತು. ಹೆಸರಿರಲಿಲ್ಲ. ಸೆಕ್ಯೂರಿಟಿ ಏಜೆನ್ಸಿಯವರ ಹುಡುಗನ ಹೆಸರು ಯಾರ ಬಳಿಯೂ ಸರಿಯಾಗಿ ಇರಲಿಲ್ಲವಂತೆ. ಆ 'ಹುಡುಗ'ನಿಗೆ ಆಗ ನಲವತ್ತೇಳು ವರ್ಷ.

ಮೂರು ವರ್ಷದ ಹಿಂದೆ ದನಿ ಗೊಗ್ಗರಾಯಿತು. ಧೂಳು ಅಂದುಕೊಂಡರು, ಬಿಸಿನೀರು ಕುಡಿದರು. ಬಾಯಲ್ಲಿ ತಂಬಾಕು ಇಪ್ಪತ್ತು ವರ್ಷದಿಂದ ಇತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ. "ನಂದೇ ತಪ್ಪು" ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರು ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು. ಒಂಬತ್ತು ದಿನಕ್ಕೆ ಆಪರೇಷನ್ನು. ಆ ಒಂಬತ್ತು ದಿನದಲ್ಲಿ ರಕ್ತ ಕೊಡುವವರನ್ನು ಹುಡುಕಿದರು, ಕಾಗದಗಳಿಗೆ ಓಡಾಡಿದರು. ಇವರ ಮಾತನ್ನು ಫೋನಿನಲ್ಲಿ ಹಿಡಿದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪೀರಮ್ಮನಿಗೆ ಇದು ದೊಡ್ಡ ಕೊರಗು. ಅವರು ದಿನಾ ನೂರಿಪ್ಪತ್ತು ಜೋಳದ ರೊಟ್ಟಿ ಬಡಿದು ಮಾರ್ಕೆಟ್ ರಸ್ತೆಯ ಖಾನಾವಳಿಗೆ ಕೊಡುತ್ತಾರೆ. ಹಿಟ್ಟು ನಾದುತ್ತಲೇ ಹೇಳುತ್ತಾರೆ: "ಮಗಳ ಮದಿವಿ ವಿಡಿಯೋ ಅದ ರೀ. ಅದರಾಗ ಇವರು ಮಾತಾಡೋದು ಕಾಣಸ್ತದ, ಕೇಳಂಗಿಲ್ಲ. ಮ್ಯಾಲ ಹಾಡು ಹಾಕ್ಯಾರ. ಎಷ್ಟ ಸಲ ಹಾಕಿ ನೋಡೀನಿ, ಬಾಯಿ ಅಷ್ಟೇ ಆಡ್ತದ." ಮಗಳು ರಾಜೇಶ್ವರಿ ಈಗ ಸೇಡಂನಲ್ಲಿದ್ದಾಳೆ. ಅವಳು ಫೋನ್ ಮಾಡಿದರೆ ಅಪ್ಪ ಉಗುರಿನಿಂದ ಫೋನು ತಟ್ಟುತ್ತಾರೆ. ಹೌದಾದರೆ ಒಂದು ಸಲ, ಇಲ್ಲವಾದರೆ ಎರಡು ಸಲ. "ಆರಾಮಿದ್ದೀಯೇನಪ್ಪಾ?" ಎಂದರೆ ಯಾವಾಗಲೂ ಒಂದೇ ತಟ್ಟು.

ಗೇಟಿನ ಕೆಲಸ ಹೋಯಿತು. ಇಂಟರ್‌ಕಾಮಿನಲ್ಲಿ ಮಾತಾಡಲಾಗದ, ಸೀಟಿಯನ್ನೂ ಊದಲಾಗದ ಕಾವಲುಗಾರ ಯಾರಿಗೆ ಬೇಕು? ಸೀಟಿಗೆ ಬೇಕಾದ ಗಾಳಿ ಈಗ ಬಾಯಿಗೆ ಬರುವುದೇ ಇಲ್ಲ. ಆಮೇಲೆ ಸಿಕ್ಕಿದ್ದೇ ಈ ಹತ್ತೊಂಬತ್ತು ಕಾರು.

ಈ ವರ್ಷ ಬೇಸಿಗೆಯಲ್ಲಿ ಭವ್ಯ ಫೋನ್ ಮಾಡಿದರು. ಆಟದಲ್ಲಿ ಹಲಸುರಗ ಬೆಳೆದು ದೊಡ್ಡದಾಗುತ್ತದೆ, ಅದಕ್ಕೂ ದನಿ ಬೇಕು. ಈ ಕಡೆಯಿಂದ ಬರೀ ಟಕ್ ಟಕ್ ಸದ್ದು ಬಂದು ಕಾಲ್ ಕಟ್ಟಾಯಿತು. ಮೂರು ಸಲ ಹಾಗೇ ಆಯಿತು. ಅಂಕಲ್‌ಗೆ ಬೇಜಾರಾಗಿದೆ, ಹೆಸರು ಹಾಕದ್ದಕ್ಕೆ ಸಿಟ್ಟು ಎಂದುಕೊಂಡು ಭವ್ಯ ವಿಳಾಸ ಹುಡುಕಿ ಕೋಣೆಗೇ ಬಂದರು. ಬಾಗಿಲು ತೆರೆದವರ ಕತ್ತಿನ ಬಟ್ಟೆ ನೋಡಿದರು. "ಪೀರಮ್ಮ ಆಂಟಿ ಚಾಪೆ ಹಾಸಿ ಕೂರ್ಸಿದ್ರು, ನಾನು ಅಳ್ತಾ ಕೂತೆ. ಅವ್ರೇ ನಂಗೆ ನೀರು ಕೊಟ್ರು."

ಹೊರಡುವಾಗ ಭಗವಂತರಾಯ ನೋಟ್‌ಬುಕ್ಕು ಚಾಚಿದರು. "ಬ್ಯಾರೇವ್ರು ಯಾರರೆ ಇದ್ರ ಕರಕೊಂಡು ಬರ್ರಿ. ನಾ ಕಲಸ್ತೀನಿ."

ಸಿಕ್ಕವರು ಮುದಸ್ಸಿರ್. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಿಂತು ಗಿರಾಕಿಗಳನ್ನು ಕೂಗಿ ಕರೆಯುವುದು ಹನ್ನೆರಡು ವರ್ಷದಿಂದ ಅವರ ಕೆಲಸ. "ಚಾಚಾ, ನಂದು ಗಂಟ್ಲು ಕಬ್ಬಿಣ. ಹೇಳಿ, ಹೆಂಗೆ ಕೂಗ್ಬೇಕು?" ಎಂದು ಮೊದಲ ದಿನವೇ ಎದೆ ಉಬ್ಬಿಸಿದರು. ಭಗವಂತರಾಯ ಆ ಎದೆಯನ್ನು ಬೆರಳಿನಿಂದ ತಟ್ಟಿ ಬೇಡವೆಂದರು. ಮುದಸ್ಸಿರ್‌ನ ಹೊಟ್ಟೆಯ ಮೇಲೆ ತಮ್ಮ ಅಂಗೈ ಇಟ್ಟರು, ಇನ್ನೊಂದು ಕೈಯಿಂದ ಅವರ ಅಂಗೈಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು. ಒಳಗೆ ಸ್ನಾಯು ಹೇಗೆ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ, ಎಲ್ಲವನ್ನೂ ಕೈಯಲ್ಲೇ ಹೇಳಬೇಕು. ಕಂಬಳಿ ಗೋಡೆಯ ಅದೇ ಹಳೆಯ ಕೋಣೆಯಲ್ಲಿ ಮೂರು ಮಧ್ಯಾಹ್ನ ಇದೇ ನಡೆಯಿತು. ಭಗವಂತರಾಯ ತಾವೇ ಕೂಗಲು ಹೋದಾಗೆಲ್ಲ ಕತ್ತಿನ ತೂತಿನಿಂದ ಗಾಳಿ ಮಾತ್ರ ಹೊರಬಿದ್ದು ಬಟ್ಟೆ ಅಲುಗುತ್ತಿತ್ತು. ಮುದಸ್ಸಿರ್ ಆಗ ಬೇರೆ ಕಡೆ ನೋಡುತ್ತಿದ್ದರು.

ಮೂರನೇ ದಿನ, ಸೋತ ಹಲಸುರಗನ ದನಿ ಮುದಸ್ಸಿರ್‌ಗೆ ಎಷ್ಟು ಮಾಡಿದರೂ ಹತ್ತಲಿಲ್ಲ. ಮೂಲ ಹೇಗಿತ್ತೆಂದು ಕೇಳಿಸಲು ಭವ್ಯ ಏಳು ವರ್ಷದ ಹಿಂದಿನ ರೆಕಾರ್ಡಿಂಗನ್ನು ಪೂರ್ತಿಯಾಗಿ ಹಾಕಿದರು. ಕತ್ತರಿಸಿದ ತುಂಡುಗಳ ಬದಲು ಆ ದಿನದ ಉದ್ದನೆಯ ಟೇಪು. ಕೂಗು, ನಂತರ ಮೌನ, ಕುರ್ಚಿಯ ಸದ್ದು, ಮತ್ತೊಂದು ಕೂಗು. ಆಮೇಲೆ ಫೋನಿನ ರಿಂಗು. ಆಮೇಲೆ ಮಾತು.

"ಹಲೋ... ಊಟ ಆತೇನ?... ನಂದಿನ್ನಾ ಆಗಿಲ್ಲ. ಮ್ಯಾಲಿನ ಆಫೀಸಿನ್ಯಾಗ ಕುಂತೀನಿ, ಹಾವಿನಂಗ ಕೂಗು ಅಂತ ಹೇಳ್ಯಾರ... ಖರೇನೇ... ನಗಬ್ಯಾಡ, ಇಲ್ಲಿ ಎಲ್ಲಾ ಕೇಳಸ್ತದ... ಆತು, ಬರೂಮುಂದ ಮೆಣಸಿನಕಾಯಿ ತರ್ತೀನಿ. ನೀ ಉಣ್ಣು, ಕಾಯ್ಬ್ಯಾಡ."

ಇಪ್ಪತ್ತಾರು ಸೆಕೆಂಡು. ಭಗವಂತರಾಯ ಸ್ಪೀಕರಿನ ಕಡೆ ನೋಡುತ್ತ, ಯಾರೋ ತಮ್ಮನ್ನು ಕರೆದಂತೆ ಅರ್ಧ ಎದ್ದು, ಹಾಗೇ ಕೂತರು. "ನಂಗೂ ಗೊತ್ತಿರ್ಲಿಲ್ಲ, ಅದು ಅಲ್ಲಿದೆ ಅಂತ" ಎಂದು ಭವ್ಯ ಹೇಳುತ್ತಲೇ ಇದ್ದರು. ಮತ್ತೊಮ್ಮೆ ಹಾಕಲೇ ಎಂದಾಗ ಭಗವಂತರಾಯ ಮೇಜನ್ನು ಎರಡು ಸಲ ತಟ್ಟಿದರು. ಆಮೇಲೆ ಎದ್ದು, ಮುದಸ್ಸಿರ್‌ನ ಹೊಟ್ಟೆಯ ಮೇಲೆ ಮತ್ತೆ ಅಂಗೈ ಇಟ್ಟರು. ಆ ಸಲ ಕೂಗು ಬಂತು. "ಅವತ್ತು ನಾನು ಹೊಟ್ಟೆಯಿಂದ ಕೂಗ್ಲಿಲ್ಲ. ಎಲ್ಲಿಂದ ಬಂತೋ ಅಲ್ಲಾಗೇ ಗೊತ್ತು" ಎನ್ನುತ್ತಾರೆ ಮುದಸ್ಸಿರ್.

ಈಗ ಆಟದಲ್ಲಿ ದೊಡ್ಡ ಹಲಸುರಗ ಮುದಸ್ಸಿರ್‌ನ ದನಿಯಲ್ಲಿ ಗರ್ಜಿಸುತ್ತದೆ. ಮರಿಯದು ಹಳೆಯ ದನಿಯೇ. ಕೊನೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ, ಭಗವಂತರಾಯರದು ಮೇಲೆ. ಹಾಗೆ ಹಾಕದಿದ್ದರೆ ತಮ್ಮದೂ ಬೇಡವೆಂದು ಮುದಸ್ಸಿರ್ ಹಟ ಹಿಡಿದಿದ್ದರು.

ಆ ಇಪ್ಪತ್ತಾರು ಸೆಕೆಂಡನ್ನು ಭವ್ಯ ಇವರ ಫೋನಿಗೆ ಹಾಕಿಕೊಟ್ಟರು. ನಾಲ್ಕು ದಿನ ಭಗವಂತರಾಯ ಮನೆಯಲ್ಲಿ ಹೇಳಲಿಲ್ಲ. ಭಾನುವಾರ ಊಟವಾದ ಮೇಲೆ ಫೋನನ್ನು ಹೆಂಡತಿಯ ಮುಂದಿಟ್ಟು, ಬಟನ್ ಒತ್ತಿ, ತಾವು ಎದ್ದು ಟೆರೇಸಿಗೆ ಹೋದರು. ಪೀರಮ್ಮ ಮೊದಲು ನಕ್ಕರಂತೆ, 'ನಗಬ್ಯಾಡ' ಎಂಬಲ್ಲಿಗೆ ಬರುತ್ತಲೇ. ಕೆಳಮನೆಯ ಆಂಜನಮ್ಮನಿಗೆ ಆಮೇಲೆ ಕೇಳಿಸಿದ್ದು ನಗುವಲ್ಲ. ಅವರು ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದಿದ್ದರು.

ಟೇಪಿನಲ್ಲಿರುವುದು ಒಂದೇ ಕಡೆಯ ಮಾತು. ಆ ಕಡೆ ಪೀರಮ್ಮ ಏನಂದಿದ್ದರೋ ಅಲ್ಲೆಲ್ಲ ಖಾಲಿ. ಗಂಡ ಕೆಲಸಕ್ಕೆ ಹೋದ ಮೇಲೆ, ರೊಟ್ಟಿಯ ಹಂಚು ಕಾಯುವವರೆಗೆ, ಅವರು ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಅದನ್ನು ಹಾಕಿಕೊಳ್ಳುತ್ತಾರೆ. "ಊಟ ಆತೇನ?" ಎಂದು ಫೋನು ಕೇಳುತ್ತದೆ. "ಇಲ್ರೀ, ನಿಮ್ಮ ದಾರೀನೇ ನೋಡ್ಲಾಕತ್ತೀನಿ" ಎಂದು ಪೀರಮ್ಮ ಖಾಲಿ ಜಾಗ ತುಂಬುತ್ತಾರೆ. ಅವತ್ತು ಅಂದದ್ದೂ ಅದೇ ಮಾತಂತೆ.

ಹೆಂಡತಿ ಹೀಗೆ ಮಾಡುವುದು ಭಗವಂತರಾಯರಿಗೆ ಗೊತ್ತು. ಒಂದು ದಿನ ಕಾರು ಒರೆಸುವ ಬಟ್ಟೆ ಮರೆತು ವಾಪಸು ಬಂದಾಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಾರೆ. ತಾವಾಗಿ ಅದನ್ನು ಎರಡನೇ ಸಲ ಹಾಕಿಲ್ಲ. ಯಾಕೆಂದು ಕೇಳಿದರೆ ಪೆನ್ಸಿಲ್ಲಿನ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ನಿಧಾನವಾಗಿ ಬರೆಯುತ್ತಾರೆ:

"ನಾ ಹ್ಯಾಂಗ ಮಾತಾಡ್ತಿದ್ದೆ ಅಂತ ನನಗ ನೆನಪದ. ಆಕಿ ಮರೀಬಾರ್ದು, ಅಷ್ಟೇ."