ನಿಂತು ಉಂಡದ್ದು

ನಾನು ಕೂತು ಉಂಡವಳಲ್ಲ. ಮನೆಯವರಿಗೆಲ್ಲ ಬಡಿಸಿ, ಅವರು ಎದ್ದ ಮೇಲೆ ಒಲೆಯ ಹತ್ತಿರ ನಿಂತು ಪಾತ್ರೆ ಖಾಲಿ ಮಾಡುವವಳು. ತಳದಲ್ಲಿ ಉಳಿದ ಅನ್ನ, ಮೀನು ಮುಗಿದು ಬರೀ ಸಾರು ಉಳಿದ ಮಡಕೆ, ಮೊಮ್ಮಗಳು ಕಚ್ಚಿ ಬಿಟ್ಟ ದೋಸೆ. ಬಟ್ಟಲಿಗೆ ಹಾಕಿಕೊಳ್ಳದೆ ತಿಂದದ್ದನ್ನು ಊಟ ಅಂತ ಎಣಿಸಿದ್ದೇ ಇಲ್ಲ. ಯಾರಾದರೂ ಕೇಳಿದರೆ ನನ್ನದು ಎರಡೇ ಹೊತ್ತು ಅನ್ನುತ್ತಿದ್ದೆ. ಅದು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ.

ನಮ್ಮದು ಹೊನ್ನಾವರದ ಹತ್ತಿರದ ಕಾಸರಕೋಡ. ಪ್ರಾಯದಲ್ಲಿ ಮೀನಿನ ಬುಟ್ಟಿ ಹೊತ್ತು ಹಳದೀಪುರದ ಮನೆಮನೆ ತಿರುಗಿದ್ದೇನೆ. ಆಗ ಎಷ್ಟು ತಿಂದರೂ ನಡೆದು ಕರಗುತ್ತಿತ್ತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುತ್ತಿರಲಿಲ್ಲ, ಗಂಜಿಯಲ್ಲಿ ಅನ್ನಕ್ಕಿಂತ ನೀರೇ ಜಾಸ್ತಿ. ಇದ್ದಾಗ ತಿಂದುಬಿಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಬುಟ್ಟಿ ಹೊರಲಾಗದೆ ಹೊನ್ನಾವರದ ಮೀನುಪೇಟೆಯಲ್ಲಿ ಕೂತೆ. ಕಾಲು ನಿಂತಿತು, ಬಾಯಿ ನಿಲ್ಲಲಿಲ್ಲ.

ಪೇಟೆಯಲ್ಲಿ ನಾವು ಕೂರುವುದು ಗಿಡ್ಡ ಮಣೆಯ ಮೇಲೆ. ಎದುರಿಗೆ ಬಂಗಡೆ, ತಾರ್ಲೆ ಮೀನು ರಾಶಿ ಹಾಕಿಕೊಂಡಿರುತ್ತೇವೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಮಣೆಯಿಂದ ಏಳಲಿಕ್ಕೆ ಆಗಲೇ ಇಲ್ಲ.

ಪಕ್ಕದಲ್ಲಿ ಕೂರುವವಳು ಕೇಳಿದಳು, "ಎಂತ ಆತು ಅಕ್ಕ?"

"ಏಳೂಕೆ ಆಗೂದಿಲ್ಲ ಮಾರಾಯ್ತಿ."

ಅವಳು ಇನ್ನೊಬ್ಬಳನ್ನು ಕರೆದಳು. ಇಬ್ಬರೂ ಎರಡು ರಟ್ಟೆ ಹಿಡಿದು ಎಳೆದರು. "ಇದು ನಮ್ಮಿಂದ ಆಗೂದಿಲ್ಲ, ದಕ್ಕೆಯಿಂದ ಬೋಟು ಎಳೆಯೋ ಹಗ್ಗ ತರಬೇಕು" ಅಂದಳು ಪಕ್ಕದವಳು. ಮೀನು ಕೊಳ್ಳಲು ಬಂದವರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ನಾಲ್ಕು ಮಾತು ಬೀಳುತ್ತಿತ್ತು.

ಪೇಟೆಯ ಜಾಗ ಯಾರಿಗೂ ಬರೆದು ಕೊಟ್ಟದ್ದಲ್ಲ. ದಿನವೂ ಕೂತರೆ ನಮ್ಮದು. ಎಂಟು ದಿನ ಬರದಿದ್ದರೆ ಅಲ್ಲಿ ಬೇರೆಯವರ ಬುಟ್ಟಿ ಇರುತ್ತದೆ. ಜಾಗ ಹೋದರೆ ನಾನು ಮನೆಯಲ್ಲಿ ಟೀವಿ ನೋಡುತ್ತ ಕೂರುವ ಮುದುಕಿ. ಅದು ನನಗೆ ಬೇಡವಾಗಿತ್ತು.

ಸೊಸೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊಣಕಾಲು ಒತ್ತಿ ನೋಡಿದರು. "ಸವೆದಿದೆ ಅಜ್ಜಿ. ಮೈ ಭಾರ ಇಳಿಸದಿದ್ದರೆ ನೆಲದಲ್ಲಿ ಕೂರುವುದನ್ನು ಮರೆತುಬಿಡಿ. ದಿನಕ್ಕೆ ಎಷ್ಟು ಸಲ ಊಟ?"

"ಎರಡೇ ಹೊತ್ತು" ಅಂದೆ. ಸೊಸೆ ಗೋಡೆ ನೋಡಿದಳು.

ಹೊರಗೆ ಬಂದ ಕೂಡಲೇ ಶುರು ಮಾಡಿದಳು. "ಅತ್ತೆ, ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದ್ರಿ?"

"ಎಂತ ಸುಳ್ಳು? ನನ್ನ ತುತ್ತು ಲೆಕ್ಕ ಮಾಡ್ತೀಯನೇ ನೀನು?"

"ನಾ ಮಾಡೂದಿಲ್ಲ. ನೀವೇ ಮಾಡಿ."

ಮಾರನೇ ದಿನ ಅಮಾಸೆ, ಪೇಟೆಗೆ ಹೋಗಿರಲಿಲ್ಲ. ಬೆಳಿಗ್ಗೆಯೇ ಅವಳು ಒಂದು ಹಳೇ ಬೋಗುಣಿ ತಂದು ಒಲೆಯ ಪಕ್ಕ ಇಟ್ಟಳು. ಬಾಯಿಗೆ ಎಷ್ಟು ಹಾಕುತ್ತೀರೋ ಅಷ್ಟೇ ಇದಕ್ಕೂ ಹಾಕಿ, ಒಂದೇ ದಿನ ಸಾಕು ಅಂದಳು. ಅವಳ ಬಾಯಿ ಮುಚ್ಚಿಸಲಿಕ್ಕೆ ಒಪ್ಪಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೋಗುಣಿ ತುಂಬಿತ್ತು. ಗಂಜಿ, ಅನ್ನ, ದೋಸೆ ತುಂಡು, ಒಣಮೀನು, ಬೆಲ್ಲ, ಕಾಯಿಚೂರು. ಮೀನು ಮಾರುವವಳಿಗೆ ರಾಶಿ ಅಳೆಯಲು ತಕ್ಕಡಿ ಬೇಡ, ಕಣ್ಣು ಸಾಕು. ಎಷ್ಟು ಜನರ ಮನೆಗೆ ಎಷ್ಟು ಬಂಗಡೆ ಬೇಕು ಅಂತ ನೋಡುತ್ತಲೇ ಹೇಳಿಬಿಡುತ್ತೇನೆ. ಬೋಗುಣಿ ನೋಡಿದೆ. ಮೂವರು ಗಂಡಸರ ಊಟ. ಅದೂ ಸಾಲದು, ಎರಡು ತುಂಡು ಬಂಗಡೆಯನ್ನು ಸೊಸೆಗೆ ಕಾಣದಂತೆ ತಿಂದಿದ್ದೆ, ಅದರ ಪಾಲು ಬೋಗುಣಿಗೆ ಬಿದ್ದಿರಲಿಲ್ಲ.

ಸೊಸೆ ಎಲ್ಲವನ್ನೂ ಒಯ್ದು ಅಂಗಳದ ನಾಯಿಗೆ ಸುರಿದಳು. ಅದು ಅರ್ಧ ತಿಂದು ಹೋಗಿ ಮಲಗಿತು.

"ನೋಡಿ ಅತ್ತೆ, ಅದಕ್ಕೂ ಸಾಕಾತು."

ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ನನ್ನ ಬಟ್ಟಲು ತೆಗೆದುಕೊಂಡು ಎಲ್ಲರ ಜೊತೆ ಕೂತೆ. ಸೊಸೆ ಅನ್ನದ ಪಾತ್ರೆ ನನ್ನ ಕಡೆ ಸರಿಸಿದಳು.

ಕೂತು ಉಂಡರೆ ಮುಗಿಯಿತು ಅಂತ ತಿಳಿದಿದ್ದೆ. ಮುಗಿಯಲಿಲ್ಲ. ಸಂಜೆ ನಾಲ್ಕಕ್ಕೆ ಕೈ ತಾನಾಗಿ ಮುಚ್ಚಳ ತೆಗೆಯುತ್ತಿತ್ತು. ಹಸಿವೆಯೂ ಅಲ್ಲ, ರುಚಿಯೂ ಅಲ್ಲ. ಪಾತ್ರೆಯಲ್ಲಿ ಇದೆ, ಅದಕ್ಕೆ. ಹಾಗಾದರೆ ಯಾಕೆ ಉಳಿಯುತ್ತದೆ ಅಂತ ನೋಡಿದೆ. ಅಕ್ಕಿ ಅಳೆಯುವವಳು ನಾನೇ. ಯಾರಾದರೂ ಬಂದರೆ ಇರಲಿ ಅಂತ ದಿನವೂ ಒಂದು ಲೋಟ ಹೆಚ್ಚು ಹಾಕುತ್ತಿದ್ದೆ. ಯಾರು ಬರುತ್ತಿದ್ದರು? ಯಾರೂ ಇಲ್ಲ. ಆ ಲೋಟವನ್ನು ತಿನ್ನುತ್ತಿದ್ದವಳು ನಾನು.

ಅಕ್ಕಿ ಡಬ್ಬಿಯನ್ನು ಸೊಸೆಯ ಕೈಗೆ ಬಿಟ್ಟೆ. ಮದುವೆಯಾಗಿ ಬಂದು ಇಷ್ಟು ವರ್ಷಕ್ಕೆ ಮೊದಲ ಸಲ. ಅನ್ನ ಕಡಿಮೆ ಮಾಡಿದ್ದಕ್ಕಿಂತ ಇದು ಕಷ್ಟವಾಯಿತು. ಅವಳು ಅಳೆಯುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಹೋಗಿ ಅತ್ತೆ, ಕದಿಯೂದಿಲ್ಲ" ಅನ್ನುತ್ತಿದ್ದಳು.

ಎಡವಿದ್ದೂ ಇದೆ. ಮಂಕಿಯಲ್ಲಿ ತಂಗಿಯ ಮನೆಯ ಮದುವೆ. ಶೆಟ್ಲಿ ಸಿಗಡಿಯ ಸುಕ್ಕ ಮೂರು ಸಲ ಹಾಕಿಸಿಕೊಂಡೆ, ಪಾಯಸದ ಲೆಕ್ಕ ಇಲ್ಲ. ಮನೆಗೆ ಬಂದು ನಾಳೆ ಇಡೀ ದಿನ ಉಪವಾಸ ಅಂದೆ. ಸೊಸೆ ಬಿಡಲಿಲ್ಲ.

"ಹಗಲು ಉಪವಾಸ ಮಾಡಿ ಸಂಜೆ ಮಡಕೆ ನೆಕ್ಕೂದು ಬೇಡ. ಬನ್ನಿ, ಕೂತು ಉಣ್ಣಿ."

ಉಂಡೆ. ಆ ಹುಡುಗಿ ಹೇಳಿದ್ದು ಸರಿ ಇತ್ತು, ಅವಳೆದುರು ಹೇಳಲಿಲ್ಲ.

ಇಷ್ಟು ದಿನವೂ ನಾನು ಪೇಟೆ ಬಿಡಲಿಲ್ಲ. ಏಳಿಸಲಿಕ್ಕೆ ಪಕ್ಕದವಳು ಇದ್ದಳು. ಮಳೆ ಕಡಿಮೆಯಾಗಿ ಚೌತಿ ಹತ್ತಿರ ಬರುವ ಹೊತ್ತಿಗೆ, ಒಂದು ಕೈ ನೆಲಕ್ಕೆ ಊರಿದರೆ ನಾನೇ ಏಳುವ ಹಾಗಾಯಿತು.

ಒಂದು ಮಧ್ಯಾಹ್ನ ಪಕ್ಕದವಳು ತನ್ನ ಊಟದ ಡಬ್ಬಿ ಚಾಚಿದಳು. ಯಾವಾಗಲೂ ಅವಳದು ಉಳಿದರೆ ಮುಗಿಸುವವಳು ನಾನೇ.

"ಅಕ್ಕ, ಇಷ್ಟು ಉಳೀತು. ತಕ್ಕೋ."

"ಬೇಡ, ಹೊಟ್ಟೆ ತುಂಬಿದೆ."

"ಯಾರಿಗೆ, ನಿನಗಾ?" ಅಂತ ಅವಳು ಆಚೆ ಸಾಲಿನವರಿಗೂ ಕೇಳುವ ಹಾಗೆ ಕೂಗಿದಳು. "ಕೇಳಿದ್ರನಾ, ಇದಕ್ಕೆ ಹೊಟ್ಟೆ ತುಂಬಿತಂತೆ!" ಎಲ್ಲರೂ ನಕ್ಕರು. ನಾನು ಮತ್ತೆ ಬೇಡ ಅಂದಾಗ ಅವಳ ನಗು ನಿಂತಿತು. "ಈಗ ನನ್ನ ಕೈಯಡುಗೆ ಸೇರೂದಿಲ್ಲ ನಿನಗೆ" ಅಂತ ಡಬ್ಬಿ ಮುಚ್ಚಿ ಆಚೆ ತಿರುಗಿ ಕೂತಳು.

ಮಾರನೇ ದಿನವೂ ಮುಖ ತಿರುಗಿಸಿಯೇ ಕೂತಳು. ನಾನು ಏಳುವಾಗ ಅವಳು ಇತ್ತ ನೋಡಲೂ ಇಲ್ಲ. ನಾನೂ ಕರೆಯಲಿಲ್ಲ. ಐಸು ತರಲು ಮೂರು ಸಲ ಎದ್ದೆ, ಮೂರು ಸಲ ಬಂದು ಕೂತೆ. ಮೊಣಕಾಲು ನೋಯುತ್ತದೆ, ಅದು ಪೂರ್ತಿ ಹೋಗುವಂಥದ್ದಲ್ಲ. ಆದರೂ ಪೇಟೆಯ ನನ್ನ ಜಾಗದಲ್ಲಿ ಈಗಲೂ ನಾನೇ ಕೂರುತ್ತೇನೆ.