ಬಟ್ಟೆಯ ಮೇಲೆ ಬಿದ್ದ ಬೆಳಕಿನ ಗೆರೆ

ಮೂವತ್ತೊಂದು ವರ್ಷ ಹೊಲಿಗೆಯಂಗಡಿ ನಡೆಸಿದ ಅತ್ತೆ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವಳ ಅಣ್ಣನ ಮಗಳು ಸಾಫ್ಟ್‌ವೇರ್ ಓದಿನ ಕೊನೆಯ ವರ್ಷದಲ್ಲಿದ್ದಳು. ಅಳತೆ ಕೊಟ್ಟರೆ ಅಂಗಿ ಕತ್ತರಿಸುವ ಗೆರೆ ಎಳೆದುಕೊಡುವ ತನ್ನ ಪ್ರಾಜೆಕ್ಟನ್ನು ಅಂದು ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕಿತ್ತು. ಹಿಂದಿನ ಸಲ ಅವರು, "ಇದನ್ನ ಯಾವ ದರ್ಜಿ ನಂಬ್ತಾನೆ?" ಎಂದು ಕೇಳಿ ವಾಪಸು ಕಳಿಸಿದ್ದರು. ಈ ಸಲವೂ ತಪ್ಪಿದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ. ಅದಕ್ಕೇ ಹುಡುಗಿ ದರ್ಜಿಯನ್ನೇ ಕರೆತಂದಿದ್ದಳು.

"ಅತ್ತೆ, ನೀವು ಅಳತೆ ಓದಿ ಹೇಳಿದ್ರೆ ಸಾಕು. ಮಿಕ್ಕಿದ್ದು ನನ್ನ ಪಾಡು."

"ಅಷ್ಟೇ ತಾನೆ? ಫ್ರಾಕಿಗೆ ಅಳತೆ ತಗೊಳ್ಳೋವಾಗ ನೀನಂತೂ ನಿಂತಲ್ಲಿ ನಿಲ್ತಿರ್ಲಿಲ್ಲ. ನಿಮ್ಮ ಮೇಷ್ಟ್ರಾದ್ರೂ ನಿಲ್ತಾರಾ?"

ಪರೀಕ್ಷಕರು ಸಣಕಲು ಮನುಷ್ಯ. ಕೈ ಅಗಲಿಸಿ ಬೆದರುಬೊಂಬೆಯಂತೆ ನಿಂತರು. ಅತ್ತೆ ಟೇಪು ಹಿಡಿದು, "ಎದೆ ಮೂವತ್ತೆಂಟು, ಭುಜ ಹದಿನೆಂಟು" ಎಂದು ಗಟ್ಟಿಯಾಗಿ ಓದುತ್ತ ಹೋದಳು. ಹುಡುಗಿ ಅವನ್ನು ಕಂಪ್ಯೂಟರಿಗೆ ತುಂಬುತ್ತ ಬಂದಳು.

ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಚಾವಣಿಗೆ ಕಟ್ಟಿದ್ದ ಪ್ರೊಜೆಕ್ಟರಿನಿಂದ ಗೆರೆಗಳು ಅದರ ಮೇಲೆ ಇಳಿದವು: ಬೆನ್ನು, ಮುಂಭಾಗ, ತೋಳು, ಕಾಲರು, ಎಲ್ಲವೂ ನಿಜವಾದ ಅಳತೆಯಲ್ಲಿ. ತೋಳಿನ ಉಬ್ಬು ಕಂಕುಳಿನ ತಗ್ಗಿನೊಳಗೆ ಹೋಗಿ ಕುಳಿತಿತ್ತು. ಅದು ಬಟ್ಟೆ ಉಳಿಸಲು ಅತ್ತೆ ಕಂಡುಕೊಂಡಿದ್ದ ಉಪಾಯ; ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ಈ ಪೋರಿ ಕಣ್ಣಿನಲ್ಲೇ ಕದ್ದಿದ್ದಳು! ಅತ್ತೆ ಅಂಗೈ ಚಾಚಿದಳು. ಗೆರೆ ಅವಳ ಬೆರಳುಗಳನ್ನು ಹತ್ತಿ ಇಳಿಯಿತು.

ಆಮೇಲೆ ಹುಬ್ಬು ಗಂಟಿಕ್ಕಿತು. "ಇದು ಇವರ ಅಂಗಿ ಅಲ್ಲ ಕಣೇ! ಭುಜ ಜಾರಿಬಿಡತ್ತೆ. ಜೊತೆಗಿನ್ನೊಬ್ರು ಹಿಡೀಬಹುದು ಇದ್ರಲ್ಲಿ."

ಹುಡುಗಿಯ ಮುಖ ಸುಣ್ಣವಾಯಿತು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಅತ್ತೆ ಕೈಯಲ್ಲಿದ್ದ ಟೇಪು ನೋಡಿದಳು. ಅದರ ಮೊದಲ ಇಂಚು ಎಂದೋ ಸವೆದು ಹರಿದಿತ್ತು. ಅವಳೇ ಕತ್ತರಿಸಿ ಎಸೆದಿದ್ದಳು. ಅಂಗಡಿಯಲ್ಲಾದರೆ ಆ ಒಂದಿಂಚನ್ನು ಮನಸ್ಸು ತಾನೇ ಲೆಕ್ಕದಿಂದ ಕಳೆಯುತ್ತಿತ್ತು. ಇಂದು ದೊಡ್ಡವರ ಮುಂದೆ ಇದ್ದದ್ದನ್ನು ಇದ್ದ ಹಾಗೇ ಓದಿಬಿಟ್ಟಿದ್ದಳು.

"ತಪ್ಪು ನಂದು ಸಾರ್, ಅವಳದ್ದಲ್ಲ" ಎಂದು ಟೇಪಿನ ತುದಿ ತೋರಿಸಿದಳು.

"ಹೊಸದು ತಗೋಬಾರ್ದೇನಮ್ಮ?"

"ತಂದಿದ್ದೆ ಸಾರ್. ಅದು ನನ್ನ ಮಾತು ಕೇಳಲ್ಲ."

ಹುಡುಗಿ ತುಟಿ ಕಚ್ಚಿಕೊಂಡು, ಎಲ್ಲ ಅಳತೆಯಲ್ಲೂ ಒಂದಿಂಚು ಕಳೆಯುವಂತೆ ಒಂದೇ ಕಡೆ ತಿದ್ದಿದಳು. ರೆಪ್ಪೆ ಬಡಿಯುವಷ್ಟರಲ್ಲಿ ತುಂಡುಗಳೆಲ್ಲ ಒಟ್ಟಿಗೆ ಕುಗ್ಗಿ, ಒಂದರ ಪಕ್ಕಕ್ಕೊಂದು ಸರಿದು, ಅಂಚಿನಲ್ಲಿ ನಾಲ್ಕು ಬೆರಳಗಲ ಬಟ್ಟೆ ಉಳಿಯಿತು. ಅತ್ತೆಗಾದರೆ ಅದು ಒರೆಸಿ ಮತ್ತೆ ಬರೆಯುವ ಅರ್ಧ ದಿನದ ಕೆಲಸ.

"ಚೆನ್ನಾಗಿದೆ" ಎಂದರು ಪರೀಕ್ಷಕರು. "ಆದ್ರೆ ನನ್ನ ಪ್ರಶ್ನೆ ಹಳೇದೇ. ಇದನ್ನ ನಂಬಿ ನೀವು ಕತ್ತರಿ ಹಾಕ್ತೀರಾ?"

ಹುಡುಗಿ ಅತ್ತೆಯತ್ತ ತಿರುಗಿದಳು. ಅತ್ತೆ ಇನ್ನೊಬ್ಬರು ಎಳೆದ ಗೆರೆಯ ಮೇಲೆ ಕತ್ತರಿ ಆಡಿಸಿದವಳಲ್ಲ. ದಾಕ್ಷಿಣ್ಯಕ್ಕೆ ಸುಳ್ಳಾಡುವವಳೂ ಅಲ್ಲ. ಮೇಜಿಗೆ ಒಂದು ಸುತ್ತು ಬಂದಳು. ಕಂಕುಳಿನ ತಿರುವಿನಲ್ಲಿ ಬಗ್ಗಿ ನೋಡಿದಳು. ಕೊನೆಗೆ ಚೀಲದಿಂದ ಕತ್ತರಿ ತೆಗೆದಳು.

"ಸೀಮೆಸುಣ್ಣದಲ್ಲಿ ಗುರುತು ಮಾಡ್ಕೊಳ್ಳಲ್ವಾ ಅತ್ತೆ?"

"ಯಾಕೆ? ಗೆರೆ ಇದೆಯಲ್ಲ."

ಕತ್ತರಿ ಎಲ್ಲೂ ತಡೆಯದೆ ಬೆಳಕಿನ ಮೇಲೆ ಸಾಗಿತು. ಪರೀಕ್ಷಕರು ತಮ್ಮ ನೆರಳು ಗೆರೆಯ ಮೇಲೆ ಬೀಳದಿರಲೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.